ಎರಡು ಬೇಲಿ

ನಮ್ಮ ಮನೆಗೂ ಆಚಾರ್ರ ಮನೆಗೂ ನಡುವೆ ದಾಸವಾಳದ ಬೇಲಿ. ಯಾವ ಕಾಲದಲ್ಲೋ ದನ ನುಗ್ಗಿ ಅದರಲ್ಲೊಂದು ಕಂಡಿ ಬಿದ್ದಿದೆ. ಕರಿಬೇವು, ಉಪ್ಪಿನಕಾಯಿ, ಊರ ಸುದ್ದಿ ಎಲ್ಲ ದಾಟುವುದು ಅಲ್ಲೇ. ಮೊನ್ನೆ ಭಾನುವಾರ ಅಲ್ಲಿಂದ ದಾಟಿದ್ದು ಹೊಗೆ.

ಹೊಗೆ ನನ್ನದು. ರಿಟೈರಾದ ಲೆಕ್ಕದ ಮೇಷ್ಟ್ರು ಅಡಿಕೆ ತೋಟಕ್ಕಿಳಿಯಬೇಕು, ಇಲ್ಲವೇ ದೇವಸ್ಥಾನದ ಕಮಿಟಿಗೆ ಸೇರಬೇಕು. ನಾನು ಟೇಬಲ್ ಸಾ, ಅಂದರೆ ಮೇಜಿಗೆ ಕೂರಿಸಿದ ಕರೆಂಟಿನ ಗರಗಸ ಕೊಂಡೆ. ಹತ್ತಿಂಚಿನ ಬ್ಲೇಡು, 1800 ವಾಟಿನ ಮೋಟಾರು. ಗಾಳಿಗೆ ಬಿದ್ದ ಹಲಸಿನ ಮರದ ಹಲಗೆಯಲ್ಲಿ ಮೊಮ್ಮಗಳಿಗೆ ತೊಟ್ಟಿಲು ಮಾಡುವ ಆಸೆ. ಈಗ ಅವಳಿಗೆ ಮೂರು ವರ್ಷ, ಆದ್ದರಿಂದ ಮಂಚ.

ಹಲಗೆಯನ್ನು ಅಡ್ಡ ಇಟ್ಟರೆ ಮೆಷಿನ್ನು ಬೆಣ್ಣೆಯಂತೆ ಕೊಯ್ಯುತ್ತದೆ. ಉದ್ದಕ್ಕೆ ಕೊಟ್ಟರೆ ಗೊಂಯ್ ಎಂದು ಅಳುತ್ತದೆ, ನಡುವೆ ನಿಂತುಬಿಡುತ್ತದೆ. ಅಂಚೆಲ್ಲ ಸೀದ ದೋಸೆ.

ಕಂಡಿಯಲ್ಲಿ ತಲೆ ಕಾಣಿಸಿತು. "ಮೇಷ್ಟ್ರೇ, ಮರ ಕೊಯ್ತಿದೀರೋ, ಬೇಯಿಸ್ತಿದೀರೋ?"

"ಮೋಟಾರಿಗೇ ತಾಕತ್ತಿಲ್ಲ ಆಚಾರ್ರೇ. ವಾಪಸ್ ಕೊಟ್ಬಿಡ್ತೀನಿ."

"ಬ್ಲೇಡಿಗೆ ಹಲ್ಲೆಷ್ಟು?"

"ಅರವತ್ತು. ಹಲ್ಲು ಹೆಚ್ಚಿದಷ್ಟೂ ನಯ ಅಂದ ಅಂಗಡಿಯವ."

"ಅಡ್ಡ ಕೊಯ್ಯೋಕೆ ನಯ. ನೀವು ಸೀಳ್ತಾ ಇದೀರಿ. ಕೊಯ್ಯೋದು ಬೇರೆ, ಸೀಳೋದು ಬೇರೆ ಅಂತ ಭಾಷೇಲೇ ಇದೆಯಲ್ಲ, ಮೇಷ್ಟ್ರಿಗೆ ನಾನು ಹೇಳ್ಬೇಕೇ?"

ಹೇಳಿಯೇ ಹೇಳಿದರು. ಅಡ್ಡಕ್ಕೆ ಕೊಯ್ದರೆ ಮರದ ಎಳೆ ತುಂಡಾಗಿ ಹುಡಿ ಉದುರುತ್ತದೆ. ಉದ್ದಕ್ಕೆ ಸೀಳಿದರೆ ಎಳೆ ಎಳೆಯಾಗಿ ಶ್ಯಾವಿಗೆಯಂಥ ಹೊಟ್ಟು ಬರುತ್ತದೆ. ಅದಕ್ಕೆ ಜಾಗ ಎಲ್ಲಿ? ಹಲ್ಲಿಗೂ ಹಲ್ಲಿಗೂ ನಡುವಿನ ಸಂದಿಯಲ್ಲಿ. ಅರವತ್ತು ಹಲ್ಲಿನಲ್ಲಿ ಆ ಸಂದಿ ಕಿರಿದು, ಹೊಟ್ಟು ಅಲ್ಲೇ ಸಿಕ್ಕಿಕೊಂಡು ಉಜ್ಜುತ್ತದೆ, ಬಿಸಿಯಾಗುತ್ತದೆ, ಸುಡುತ್ತದೆ. ಸೀಳುವುದಕ್ಕೆ 24 ಹಲ್ಲು ಸಾಕು. ಕೈಗರಗಸದಲ್ಲೂ ಅವರಪ್ಪ ಎರಡು ಬೇರೆ ಬೇರೆ ಇಟ್ಟಿದ್ದರಂತೆ. ಒಂದನ್ನು ಇನ್ನೊಂದರ ಕೆಲಸಕ್ಕೆ ಎತ್ತಿಕೊಂಡರೆ ಬೆನ್ನಿಗೆ ಗುದ್ದು ಬೀಳುತ್ತಿತ್ತಂತೆ.

ಆಮೇಲೆ ಅವರ ಕಣ್ಣು ಅಡುಗೆಮನೆಯ ಕಿಟಕಿಯಿಂದ ಹಾವಿನಂತೆ ಇಳಿದಿದ್ದ ವೈರಿನ ಮೇಲೆ ಬಿತ್ತು. ಮಿಕ್ಸಿಯ ಪ್ಲಗ್ಗಿನಿಂದ ಇಪ್ಪತ್ತು ಮೀಟರು ಎಳೆದ ತೆಳ್ಳನೆಯ ವೈರು. ಮುಟ್ಟಿ ನೋಡಿದರೆ ಬೆಚ್ಚಗಿದೆ. ಇಲ್ಲಿ ಮಾತ್ರ ನಾನು ಮೇಷ್ಟ್ರಾದೆ: ಇಂಥ ವೈರಿನಲ್ಲಿ ವೋಲ್ಟೇಜು ಕುಸಿಯುತ್ತದೆ, ಮೋಟಾರಿನ ಎಳೆಯುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ವೋಲ್ಟೇಜು ಕಾಲುಭಾಗ ಕುಸಿದರೆ ಬಲ ಹತ್ತಿರ ಹತ್ತಿರ ಅರ್ಧ. ಆಚಾರ್ರು ಗೌರವದಿಂದ ಕೇಳಿ, "ಅದೇ, ದಪ್ಪ ವೈರು ಹಾಕಿ" ಎಂದರು.

ಬ್ಲೇಡಿಗೆ ಹಲಸಿನ ಅಂಟು ಬೇರೆ ಮೆತ್ತಿತ್ತು. ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷು. ಅದು ಬಿಡಿ.

ಕೊನೆಗೆ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿ ಅಂದರು: "ಮೇಷ್ಟ್ರೇ, ನಿಮ್ಮ ಬೇಲಿ ಹಿಂದುಗಡೆ ಒಳಕ್ಕೆ ಬಂದಿದೆ."

ನನಗೆ ಎದೆ ಧಸಕ್ಕೆಂದಿತು. ಮೂವತ್ತು ವರ್ಷದಲ್ಲಿ ಒಂದು ದಿನವೂ ಎತ್ತದ ಮಾತು! "ಸರ್ವೆ ಮಾಡಿಸೋಣ ಬೇಕಾದ್ರೆ..." ಎಂದೆ.

ಅವರು ನಕ್ಕ ನಗೆಗೆ ದಾಸವಾಳದ ಗಿಡದಲ್ಲಿದ್ದ ಹಕ್ಕಿ ಹಾರಿತು. ಹಲಗೆ ಒರಗಿಸುವ ಕಬ್ಬಿಣದ ಪಟ್ಟಿಗೆ ಫೆನ್ಸ್ ಅಂತಲೇ ಹೆಸರು. ಪ್ಲಗ್ಗು ಕಿತ್ತು, ಒಂದು ಹಲ್ಲಿಗೆ ಗುರುತು ಹಾಕಿ, ಅದನ್ನು ಮುಂದೊಮ್ಮೆ ಹಿಂದೊಮ್ಮೆ ತಿರುಗಿಸಿ ಪಟ್ಟಿಗೆ ಎಷ್ಟು ದೂರವೆಂದು ಅಳೆದರು. ಹಿಂದೆ ಎರಡು ಮಿಲಿಮೀಟರು ಕಡಿಮೆ. ಹಲಗೆ ಮುಂದೆ ಹೋದಷ್ಟೂ ಬ್ಲೇಡಿಗೂ ಪಟ್ಟಿಗೂ ನಡುವೆ ಅಡಕತ್ತರಿಯ ಅಡಿಕೆ. ಜೊತೆಗೆ ಸೀಳಿದ ಬಾಯಿ ಮುಚ್ಚಿಕೊಳ್ಳದಂತೆ ಬ್ಲೇಡಿನ ಹಿಂದೆ ಇರಬೇಕಾದ ತಗಡನ್ನು, ಅಡ್ಡ ಬರುತ್ತದೆಂದು ನಾನು ಮೊದಲ ದಿನವೇ ಬಿಚ್ಚಿ ಡಬ್ಬಿಗೆ ಹಾಕಿದ್ದೆ. ಆಚಾರ್ರ ನಗು ನಿಂತದ್ದು ಆಗ.

"ಇದಿಲ್ಲದೆ ಸೀಳಿದ್ರಾ? ಹಲಗೆ ವಾಪಸ್ ನಿಮ್ಮ ಕಡೆಗೇ ಒದ್ದಿದ್ರೆ?"

ರಾತ್ರಿ ಲೆಕ್ಕ ಹಾಕಿದೆ. ನಿಮಿಷಕ್ಕೆ 4000 ಸುತ್ತು ಅಂದರೆ ಹತ್ತಿಂಚಿನ ಬ್ಲೇಡಿನ ಹಲ್ಲು ಗಂಟೆಗೆ 190 ಕಿಲೋಮೀಟರ್ ಓಡುತ್ತದೆ. ನಾನು ನಿಂತಿದ್ದದ್ದು ಹಲಗೆಯ ನೇರಕ್ಕೆ, ಹೊಟ್ಟೆ ಮುಂದಿಟ್ಟುಕೊಂಡು. ಮನೆಯಾಕೆಗೆ ಈ ಲೆಕ್ಕ ಹೇಳಲಿಲ್ಲ.

ನಿನ್ನೆ ತಗಡು ಕೂತಿತು, 24 ಹಲ್ಲು ಬಂತು. ಹಲಸು ಅರಿಶಿನದ ಬಣ್ಣ ಬಿಟ್ಟು ಸೀಳಿಕೊಂಡಿತು. ಆಚಾರ್ರು ಕಾಫಿ ಕುಡಿದು, ಕಂಡಿ ದಾಟಿ, ಆ ಕಡೆಯಿಂದ ತಿರುಗಿ ನೋಡಿದರು.

"ಅಂದಹಾಗೆ ಮೇಷ್ಟ್ರೇ, ಸರ್ವೆ ಅಂದ್ರಲ್ಲ, ಯಾವಾಗ ಮಾಡ್ಸೋಣ?"