ಮೇಷ್ಟ್ರ ಇಸ್ಪೀಟು, ಮೊಮ್ಮಗನ ಮೊಬೈಲು

"ಹಾಳಾಗ್ಹೋದ್ವು ಕಣ್ರೀ ಈಗಿನ ಮಕ್ಕಳು! ಹಗಲೂ ರಾತ್ರಿ ಆ ಮೊಬೈಲು, ಆ ಗೇಮು!"

ಹೀಗೆ ನೊಂದುಕೊಂಡವರು ನಮ್ಮ ನಿವೃತ್ತ ಮೇಷ್ಟ್ರು. ನೊಂದುಕೊಂಡ ಸ್ಥಳ ಮೈಸೂರಿನ ಒಂದು ಕ್ಲಬ್ಬಿನ ರಮ್ಮಿ ಮೇಜು. ಹೊತ್ತು ರಾತ್ರಿ ಹನ್ನೊಂದೂವರೆ. ಕೈಯಲ್ಲಿ ಹದಿಮೂರು ಎಲೆ, ಅದರಲ್ಲೊಂದು ಜೋಕರ್. ಅವರ ಮನೆಯವರೂ ಮೊಮ್ಮಗನಿಗೆ ಇದೇ ಬುದ್ಧಿ ಹೇಳುತ್ತಾರಂತೆ. ಆದರೆ ಸೀರಿಯಲ್ ನಡುವೆ ಜಾಹೀರಾತು ಬಂದಾಗ ಮಾತ್ರ!

ಹಾಗೆ ನೋಡಿದರೆ ಆಟದ ಹುಚ್ಚಿಗೆ ಮೈಸೂರಿನಲ್ಲಿ ರಾಜಮುದ್ರೆಯೇ ಬಿದ್ದಿದೆ. 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ತುಕೊಂಡರು. ಮುಮ್ಮಡಿ ಕೃಷ್ಣರಾಜ ಒಡೆಯರು ತಲೆಮೇಲೆ ಕೈಹೊತ್ತು ಕೂತರೇ? ಇಲ್ಲ. ಚದುರಂಗದ ಕುದುರೆ ಒಂದೊಂದು ಮನೆಗೂ ಒಂದೇ ಸಲ ಕಾಲಿಟ್ಟು 64 ಮನೆಯನ್ನೂ ಸುತ್ತಿ ಬರುವ ಲೆಕ್ಕ ಹೆಣೆದರು. ಗಂಜೀಫ ಎಂಬ ಹಳೇ ಇಸ್ಪೀಟಿನ ಎಲೆಗಳನ್ನು ಬೆಳೆಸಿ ಬೆಳೆಸಿ ಒಂದೇ ಕಟ್ಟಿನಲ್ಲಿ 300 ದಾಟಿಸಿದರು. ಅವರ 'ಶ್ರೀತತ್ತ್ವನಿಧಿ' ಗ್ರಂಥದಲ್ಲಿ ಆಟಗಳಿಗೆಂದೇ 'ಕೌತುಕನಿಧಿ' ಎಂಬ ಭಾಗ ಬೇರೆ. ಆಗ ಅರಮನೆಯಲ್ಲಿ ಯಾರಾದರೂ, "ಮಹಾಸ್ವಾಮೀ, ಕಣ್ಣು ಹಾಳಾಗುತ್ತೆ, ಇಟ್ಟುಬಿಡಿ ಅದನ್ನ" ಅಂದಿದ್ದರೆ ಏನು ಗತಿ ಹೇಳಿ!

"ಅದು ಬುದ್ಧಿ ಬೆಳೆಸೋ ಆಟ ಕಣಯ್ಯಾ. ಇದು ಬರೀ ಢಂ ಢಂ" ಎನ್ನುತ್ತಾರೆ ಮೇಷ್ಟ್ರು.

ಸರಿ, ಢಂ ಢಂ ವಿಚಾರಕ್ಕೇ ಬರೋಣ. ಮೊಮ್ಮಗ ಬಿಜಿಎಂಐ ಎಂಬ ಗುಂಡಿನ ಕಾಳಗದ ಮೊಬೈಲ್ ಆಟ ಆಡುವಾಗ ಸುಮ್ಮನೆ ಹಿಂದೆ ನಿಂತು ಕೇಳಿ. ನಾಲ್ವರ ತಂಡ, ಒಬ್ಬ ಹುಬ್ಬಳ್ಳಿಯವನು, ಇನ್ನೊಬ್ಬ ಮಾತಿಗೊಮ್ಮೆ "ಭೈಯಾ" ಎನ್ನುವವನು. "ಝೋನ್ ಬಂತು, ಗಾಡಿ ಹತ್ರೋ!", "ಬಿದ್ದೆ ಕಣೋ, ರಿವೈವ್ ಕೊಡೋ!" ಊಟಕ್ಕೆ ಕರೆದರೆ ಹ್ಞೂಂ ಎನ್ನದ ಹುಡುಗ, ಮುಖವನ್ನೇ ನೋಡದ ಆ ಹುಬ್ಬಳ್ಳಿಯವನನ್ನು ಎಬ್ಬಿಸಲು ಗುಂಡಿನ ಮಳೆಯಲ್ಲಿ ತೆವಳಿಕೊಂಡು ಹೋಗುತ್ತಾನೆ. ತನ್ನ ಚೀಲದ ಬ್ಯಾಂಡೇಜನ್ನೂ ಕೊಟ್ಟುಬಿಡುತ್ತಾನೆ. ಇಂಥ ತ್ಯಾಗವನ್ನು ರಮ್ಮಿ ಮೇಜಿನಲ್ಲಿ ನಾನಂತೂ ಕಂಡಿಲ್ಲ. ಅಲ್ಲಿ ಪಕ್ಕದವನಿಗೆ ಬೇಕಾದ ಎಲೆಯನ್ನು ಅಮುಕಿಟ್ಟುಕೊಳ್ಳುವುದೇ ಪರಮ ವಿದ್ಯೆ.

ಇನ್ನು ಆ ಬೆರಳಾಟ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 33 ಸರ್ಜನ್ನರನ್ನು ಪರೀಕ್ಷೆಗೆ ಒಡ್ಡಿದ್ದರು. ಸಣ್ಣ ತೂತು ಮಾಡಿ, ಪರದೆ ನೋಡಿಕೊಂಡೇ ಕತ್ತರಿ ಆಡಿಸುವ ಲ್ಯಾಪರೋಸ್ಕೋಪಿಯ ತರಬೇತಿ ಅದು. ಹಿಂದೊಮ್ಮೆ ವಾರಕ್ಕೆ ಮೂರು ಗಂಟೆಗಿಂತ ಹೆಚ್ಚು ವಿಡಿಯೊ ಗೇಮ್ ಆಡಿದ್ದವರು, ಆಡದವರಿಗಿಂತ ಶೇ. 37ರಷ್ಟು ಕಡಿಮೆ ತಪ್ಪು ಮಾಡಿದರು, ಶೇ. 27ರಷ್ಟು ಬೇಗ ಮುಗಿಸಿದರು. "ಚುರುಕು ಕೈಯವರೇ ಆಟಕ್ಕೆ ಇಳಿದಿರಬಹುದಲ್ಲ?" ಅಂದರು ಮೇಷ್ಟ್ರು. ಇರಬಹುದು, ಮೇಷ್ಟ್ರ ತಲೆ ತಲೆಯೇ. ಆದರೂ ಪಿತ್ತಕೋಶದ ಕಲ್ಲು ತೆಗೆಸುವ ದಿನ, "ಡಾಕ್ಟ್ರೇ, ಚಿಕ್ಕಂದಿನಲ್ಲಿ ಮಾರಿಯೋ ಆಡಿದ್ರಾ?" ಎಂದು ಕೇಳಿಕೊಂಡೇ ಅವರು ಮಂಚ ಹತ್ತಿದರೆ ನನಗೆ ಆಶ್ಚರ್ಯವಿಲ್ಲ.

ಬೆರಳಷ್ಟೇ ಅಲ್ಲ, ಆಟದವರ ತಲೆಯೂ ಕೆಲಸಕ್ಕೆ ಬಂದದ್ದುಂಟು. ಕೋತಿಗಳಿಗೆ ಏಡ್ಸ್‌ನಂಥ ಕಾಯಿಲೆ ತರುವ ವೈರಸ್ಸಿನ ಒಂದು ಕಿಣ್ವದ ಆಕಾರ ವಿಜ್ಞಾನಿಗಳಿಗೆ ಹತ್ತಕ್ಕೂ ಹೆಚ್ಚು ವರ್ಷ ಸಿಕ್ಕಿರಲಿಲ್ಲ. 2011ರಲ್ಲಿ 'ಫೋಲ್ಡಿಟ್' ಎಂಬ ಆಟ ಆಡುವವರು ಮೂರೇ ವಾರದಲ್ಲಿ ದಾರಿ ಬಿಡಿಸಿದರು. ಇಷ್ಟು ಸಾಕು, ಹೆಚ್ಚು ಹೇಳಿದರೆ ಹುಡುಗರು ಈ ಪುಟವನ್ನೇ ಕತ್ತರಿಸಿ ಗೋಡೆಗೆ ಅಂಟಿಸಿಯಾರು.

ಸೀರಿಯಲ್ ನೋಡುವವರೂ ನಾಚಿಕೊಳ್ಳಬೇಕಿಲ್ಲ. ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞರು ನಮ್ಮ ದೇಶದ ಹಳ್ಳಿಗಳನ್ನು ಅಧ್ಯಯನ ಮಾಡಿ 2009ರಲ್ಲಿ ಬರೆದರು: ಕೇಬಲ್ ಟಿವಿ ಬಂದ ಕಡೆ, ಗಂಡ ಹೊಡೆದರೆ ಸರಿ ಎನ್ನುವ ಹೆಂಗಸರು ಕಡಿಮೆಯಾದರು, ಗಂಡುಮಗುವೇ ಬೇಕೆಂಬ ಹಟವೂ ಇಳಿಯಿತು. ಅತ್ತೆ ಸೊಸೆಗೆ ವಿಷ ಬೆರೆಸುವ ಕಥೆಯಿಂದಲೂ ಇಷ್ಟು ಪುಣ್ಯ!

ಒಂದು ತಕರಾರು ಮಾತ್ರ ನನ್ನದೂ ಹೌದು: ಕಾಸು ಕಟ್ಟುವ ಆಟ. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನಿನ ಹಣದಾಟವನ್ನು ನಿಷೇಧಿಸಿ, ಅದೇ ಕಾಯ್ದೆಯಲ್ಲಿ ಇ-ಸ್ಪೋರ್ಟ್ಸ್‌ಗೆ ಬೆನ್ನು ತಟ್ಟಿತು. ಆ ಸುದ್ದಿಯನ್ನು ಮೇಷ್ಟ್ರು ಕ್ಲಬ್ಬಿನಲ್ಲಿ ಗಟ್ಟಿಯಾಗಿ ಓದಿ, ಎಲೆ ಕಲಸಿ ಹಂಚಿದರು. ಅವರದು ಆನ್‌ಲೈನ್ ಅಲ್ಲವಲ್ಲ!

ನಿಮ್ಮ ಮನೆಯಲ್ಲೂ ಇಂಥ ಹುಡುಗನಿದ್ದರೆ ಓದಿಗೆ, ನಿದ್ದೆಗೆ ಹೊತ್ತು ಗೊತ್ತುಮಾಡಿ. ಕಾಸಿಟ್ಟು ಆಡಿದರೆ ಕಿವಿ ಹಿಂಡಿ. ಉಳಿದಂತೆ, ಬೈಯುವ ಮೊದಲು ಪಕ್ಕದಲ್ಲಿ ಕೂತು ಒಂದು ರೌಂಡ್ ಆಡಿ ನೋಡಿ. ಬಿದ್ದರೆ ಹೆದರಬೇಡಿ, ಅವನೇ ರಿವೈವ್ ಕೊಡುತ್ತಾನೆ.