ಚೌಕಾಸಿ ಮಾಡದ ಗಿರಾಕಿ

ಅಲ್ಲಾ ಕಣ್ರೀ, ಹಳೇ ಮೊಬೈಲ್ ಫೋಟೊ ಓಎಲ್‌ಎಕ್ಸ್‌ಗೆ ಹಾಕಿದ ಕೂಡಲೇ ಗಿರಾಕಿ ಸಿಕ್ಕಿಬಿಟ್ಟ ಅಂತ ಕಾಂಪೌಂಡ್ ಮೇಲಿಂದ ಕೂಗಿ ಹೇಳ್ತಾ ಇದೀರಲ್ಲ, 12,000 ಅಂದಾಗ ಅವನೇನಂದ? 'ಓಕೆ' ಅಂದನೇ? ಹಾಗಾದ್ರೆ ನನಗೆ ಆ ಆಸಾಮಿ ಮೇಲೆ ಗುಮಾನಿ. ಒಂದು ಕಟ್ಟು ಕೊತ್ತಂಬರಿಗೂ ಎರಡು ರೂಪಾಯಿ ಬಿಡಿಸಿಕೊಳ್ಳದೆ ಗೇಟು ಹಾಕದ ಜನ ನಾವು. ಮೂರು ವರ್ಷ ಉಜ್ಜಿದ, ಮೂಲೆ ಜಜ್ಜಿದ ಫೋನಿಗೆ ಕೇಳಿದಷ್ಟು ಕೊಡ್ತೀನಿ ಅನ್ನೋನು ಒಂದೋ ಮಹಾತ್ಮ, ಇಲ್ಲಾ ಕೊಡೋ ಉದ್ದೇಶವೇ ಇಲ್ಲದವನು. ಮಹಾತ್ಮರು ಸೆಕೆಂಡ್‌ಹ್ಯಾಂಡ್ ಮೊಬೈಲ್ ಹುಡುಕ್ತಾ ಕೂತಿರೋದು ಕಡಿಮೆ.

ಬ್ಯಾಟರಿ ಹೇಗಿದೆ, ಬಾಕ್ಸು ಬಿಲ್ಲು ಇದೆಯಾ, ಡಿಸ್‌ಪ್ಲೇ ಬದಲಾಯಿಸಿದೀರಾ, ಲಾಸ್ಟ್ ಎಷ್ಟಕ್ಕೆ ಕೊಡ್ತೀರಾ ಅಂತ ತಲೆ ತಿನ್ನೋನಿಗೆ ಬೇಜಾರು ಮಾಡ್ಕೋಬೇಡಿ. ಅವನೇ ನಿಜವಾದ ಗಿರಾಕಿ. ಇನ್ನೊಬ್ಬ ಏನೂ ಕೇಳಲ್ಲ. 'ನಾನು ಮಿಲಿಟ್ರಿಯಲ್ಲಿದೀನಿ, ಟ್ರಾನ್ಸ್‌ಫರ್ ಆಗಿದೆ, ನಾನೇ ಬರೋಕಾಗಲ್ಲ, ಹುಡುಗನ್ನ ಕಳಿಸ್ತೀನಿ, ದುಡ್ಡು ಈಗಲೇ ಹಾಕ್ತೀನಿ' ಅಂತಾನೆ, ಅದೂ ಹಿಂದಿಯಲ್ಲಿ. ಐಡಿ ಕಾರ್ಡಿನ ಫೋಟೊ ಕೇಳದೆಯೇ ಬರುತ್ತೆ. ಸೈನಿಕರು ಅಂದ್ರೆ ನಮಗೆ ಗೌರವ. ಅವನು ಬಂಡವಾಳ ಮಾಡ್ಕೊಂಡಿರೋದು ಆ ಗೌರವವನ್ನೇ.

ಮೊದಲು ಪರೀಕ್ಷೆಗೆ ಅಂತ 1 ರೂಪಾಯಿ ಹಾಕ್ತಾನೆ. ಬಂದೇ ಬರುತ್ತೆ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, 'ಸ್ಕ್ಯಾನ್ ಮಾಡಿ ಪಿನ್ ಒತ್ತಿ, 12,000 ನಿಮ್ಮ ಅಕೌಂಟಿಗೆ ಬೀಳುತ್ತೆ' ಅಂತಾನೆ. ಬೀಳಲ್ಲ, ಹೋಗುತ್ತೆ. ಯುಪಿಐ ಬಂದಿದ್ದು 2016ರಲ್ಲಿ. ಅವತ್ತಿಂದ ಇವತ್ತಿನವರೆಗೂ ದುಡ್ಡು ತಗೊಳ್ಳೋಕೆ ಪಿನ್ ಬೇಕಾಗಿಲ್ಲ, ಕೊಡೋಕೆ ಮಾತ್ರ ಬೇಕು. ಬೀದಿಬದಿ ಸೌತೆಕಾಯಿ ಮಾರೋ ಅಜ್ಜಿಯನ್ನ ನೋಡಿ, ಕೋಡ್ ಅವಳದು, ಸ್ಕ್ಯಾನ್ ಮಾಡೋರು ನಾವು. ನೀವೀಗ ಮಾರೋರು, ಸ್ಕ್ಯಾನ್ ಮಾಡೋ ಕೆಲಸ ನಿಮಗೆಲ್ಲಿಂದ ಬಂತು? ವ್ಯಕ್ತಿಯಿಂದ ವ್ಯಕ್ತಿಗೆ 'ದುಡ್ಡು ಕೊಡಿ' ಅಂತ ಕೋರಿಕೆ ಕಳಿಸೋ ಸೌಲಭ್ಯವನ್ನ 2025ರ ಅಕ್ಟೋಬರ್‌ನಿಂದ ನಿಲ್ಲಿಸಿದ್ದಾರೆ. ಅದೊಂದು ಬಾಗಿಲು ಮುಚ್ಚಿತು, ಕ್ಯೂಆರ್ ಬಾಗಿಲು ತೆಗೆದೇ ಇದೆ.

ಎದುರಿಗೇ ಬಂದು ನಿಂತವನೂ ಎಲ್ಲಾ ಸಾಚಾ ಅಲ್ಲ. ಪೇಮೆಂಟ್ ಆಯ್ತು ಅಂತ ಹಸಿರು ಟಿಕ್ ತೋರಿಸೋ ನಕಲಿ ಆ್ಯಪ್‌ಗಳೇ ಇವೆ. ಬ್ಯಾಂಕಿನದೇ ಥರ ಕಾಣೋ ಮೆಸೇಜೂ ಬರುತ್ತೆ. ಅವನ ಫೋನ್ ನೋಡಬೇಡಿ, ನಿಮ್ಮ ಬ್ಯಾಂಕ್ ಆ್ಯಪ್ ತೆಗೆದು ಬ್ಯಾಲೆನ್ಸ್ ನೋಡಿ. ದುಡ್ಡು ನಿಜವಾಗಿ ಬಂದ್ರೂ ಕಳಿಸಿದವರ ಹೆಸರು ನೋಡಿ. ಎದುರಿಗಿರೋನು ಒಬ್ಬ, ದುಡ್ಡು ಬಂದಿದ್ದು ಇನ್ನೊಬ್ಬರ ಅಕೌಂಟಿಂದ ಅಂದ್ರೆ ಅದು ಯಾರಿಗೋ ಟೋಪಿ ಹಾಕಿದ ದುಡ್ಡಿರಬಹುದು. ಆ 'ಯಾರೋ' ಯಾವುದೋ ರಾಜ್ಯದಲ್ಲಿ ದೂರು ಕೊಟ್ರೆ ಫ್ರೀಜ್ ಆಗೋದು ನಿಮ್ಮ ಅಕೌಂಟು. ನನ್ನ ಕೇಳಿದ್ರೆ, ಹಗಲು ಹೊತ್ತಲ್ಲಿ ಮೆಟ್ರೊ ಸ್ಟೇಷನ್ ಬಾಗಿಲಲ್ಲೋ ದರ್ಶಿನಿ ಹೋಟೆಲಲ್ಲೋ ಭೇಟಿ ಆಗಿ ನಗದು ಎಣಿಸ್ಕೊಳ್ಳೋದೇ ವಾಸಿ. ಕಾಫಿ ಖರ್ಚು ಅವನ ಮೇಲೇ ಹಾಕಿ.

ಕೊಡೋಕೆ ಮುಂಚೆ ಫೋನ್ ಖಾಲಿ ಮಾಡ್ತೀರಲ್ಲ, ಅಲ್ಲಿ ನಮ್ಮ ಜನ ಎಡವೋದು ಒಂದೇ ಕಡೆ. ಕೂತು ಗೂಗಲ್ ಫೋಟೋಸ್‌ನಲ್ಲಿ ಒಂದೊಂದೇ ಫೋಟೊ ಅಳಿಸ್ತಾರೆ. ಬ್ಯಾಕಪ್ ಆಗಿದ್ದ ಫೋಟೊ ಅಲ್ಲಿ ಅಳಿಸಿದ್ರೆ ಹೊಸ ಫೋನಲ್ಲೂ ಮಾಯ. ಮಗಳ ಮದುವೆ ಆಲ್ಬಂ ಗೋವಿಂದ! ಅದರ ಉಸಾಬರಿಯೇ ಬೇಡ. ವಾಟ್ಸ್‌ಆ್ಯಪ್ ಬ್ಯಾಕಪ್ ಮಾಡಿ, ಬ್ಯಾಂಕಿನ ಆ್ಯಪ್‌ಗಳಿಂದ ಹೊರಗೆ ಬನ್ನಿ, ಸಿಮ್ಮು, ಮೆಮೊರಿ ಕಾರ್ಡು ಕಿತ್ಕೊಳ್ಳಿ, ಗೂಗಲ್ ಅಕೌಂಟ್ ತೆಗೀರಿ, ಕೊನೇಗೆ ಫ್ಯಾಕ್ಟರಿ ರೀಸೆಟ್. ಐಫೋನ್ ಆದ್ರೆ 'ಫೈಂಡ್ ಮೈ' ಆಫ್ ಮಾಡಬೇಕು. ಅಕೌಂಟ್ ತೆಗೆಯದೆ ರೀಸೆಟ್ ಒತ್ತಿದ್ರೆ ಬೀಗ ಹಾಗೇ ಉಳಿದುಬಿಡಬಹುದು. ರಾತ್ರಿ ಹತ್ತಕ್ಕೆ ಗಿರಾಕಿ ಫೋನ್ ಮಾಡಿ 'ಸಾರ್, ಪಾಸ್‌ವರ್ಡ್ ಹೇಳಿ' ಅಂತಾನೆ, ನೀವು ಹೇಳಿಯೂಬಿಡ್ತೀರಿ.

*#06# ಒತ್ತಿದ್ರೆ 15 ಅಂಕಿಯ ಐಎಂಇಐ ನಂಬರ್ ಬರುತ್ತೆ. ಅದನ್ನ ಒಂದು ಹಾಳೆಯಲ್ಲಿ ಬರೆದು, ತಾರೀಕು ಹಾಕಿ, ಇಂಥವರಿಗೆ ಮಾರಿದ್ದೀನಿ ಅಂತ ಗಿರಾಕಿ ಕೈಲಿ ಸಹಿ ಹಾಕಿಸ್ಕೊಳ್ಳಿ. ಎರಡು ಗೆರೆ ಬರೆಯೋಕೆ ನಾಚಿಕೆ ಯಾಕೆ? ಸೈಟು ಮಾರೋವಾಗ ಎಷ್ಟು ಕಡೆ ಸಹಿ ಹಾಕಿದ್ರಿ! ನಾಳೆ ಆ ಫೋನಿಂದ ಯಾರಾದ್ರೂ ಯಾರಿಗಾದ್ರೂ ಮೋಸ ಮಾಡಿದ್ರೆ ಪೊಲೀಸರು ಬಿಲ್ ಯಾರ ಹೆಸರಲ್ಲಿದೆ ಅಂತ ನೋಡ್ತಾರೆ. ಜಾಹೀರಾತಿನ ಫೋಟೊದಲ್ಲಿ ಮಾತ್ರ ಆ ನಂಬರೂ ಬಿಲ್ಲಿನ ವಿಳಾಸವೂ ಕಾಣದ ಹಾಗೆ ನೋಡ್ಕೊಳ್ಳಿ. ಇಷ್ಟೆಲ್ಲಾ ಆಗಿಯೂ ದುಡ್ಡು ಹೋದ್ರೆ ಮರ್ಯಾದೆ ನೋಡ್ತಾ ಕೂರಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಕೈಯಿಂದ ಕೈಗೆ ದಾಟೋ ಮುಂಚೆ ತಡೆದರೆ ಉಂಟು.

ಇದೆಲ್ಲಾ ಓಡೋ ಫೋನಿನ ಮಾತು. ಡ್ರಾಯರಲ್ಲಿ ಬಿದ್ದಿರೋ ಕೆಟ್ಟ ಫೋನಿನ ಕಥೆ ಬೇರೆ. 'ಹಳೇ ಮೊಬೈಲ್‌ಗೆ ಪ್ಲಾಸ್ಟಿಕ್ ಸಾಮಾನು' ಅಂತ ಕೂಗ್ತಾ ಬರ್ತಾರಲ್ಲ, ಅವರ ಕೈಗೆ ಕೊಡಬೇಡಿ. 2024ರಲ್ಲಿ ತೆಲಂಗಾಣದ ಪೊಲೀಸರು ಹಾಗೆ ಕೂಡಿಸಿಟ್ಟಿದ್ದ ಸುಮಾರು 4,000 ಫೋನ್ ಹಿಡಿದ್ರು, ಸೈಬರ್ ಕಳ್ಳರಿಗೆ ಹೋಗ್ತಿದ್ದವು ಅಂತ. ಪರದೆ ಒಡೆದಿದ್ರೂ ಒಳಗಿನ ಬೋರ್ಡು ಜೀವಂತ ಇರುತ್ತೆ ನೋಡಿ. ಅಂದ ಹಾಗೆ, ನಿಮ್ಮ ಬಚ್ಚಲಲ್ಲಿ ಆ ನೀಲಿ ಟಬ್ಬು ಯಾವಾಗ ಬಂತು ರೀ?