ದುಡಿಯದ ದುಡ್ಡಿಗೆ ಮೊದಲ ದರ್ಜೆ

ಚಿಲ್ಲರೆಯಲ್ಲಿ ಸಿಕ್ಕ ನಾಣ್ಯಕ್ಕೆ ದರ್ಜೆ ಕಟ್ಟುವುದೆಂದರೆ ಅದು ಎಷ್ಟರಮಟ್ಟಿಗೆ ಕೆಲಸ ತಪ್ಪಿಸಿಕೊಂಡಿದೆ ಎಂದು ಅಳೆಯುವುದು. ನಾಣ್ಯಸಂಗ್ರಾಹಕರು ಒಪ್ಪಿಕೊಂಡಿರುವ ಅಳತೆಪಟ್ಟಿಯಲ್ಲಿ 1ರಿಂದ 70ರವರೆಗೆ ಅಂಕಗಳಿವೆ. ಚಲಾವಣೆಗೆ ಇಳಿದ ನಾಣ್ಯ ಎಷ್ಟೇ ಮೈ ಕಾಪಾಡಿಕೊಂಡಿರಲಿ, ಅದಕ್ಕೆ 60 ಮುಟ್ಟುವ ಯೋಗವಿಲ್ಲ. ಅಲ್ಲಿಂದ ಮೇಲಿನ 11 ಮೆಟ್ಟಿಲೂ ಟಂಕಸಾಲೆಯಿಂದ ಹೊರಬಿದ್ದು ಅಂಗಡಿಯ ಗಲ್ಲಾವನ್ನೇ ಕಾಣದವಕ್ಕೆ ಮೀಸಲು. ಈ ಏಣಿಯನ್ನು 1949ರಲ್ಲಿ ಕಟ್ಟಿದವನು ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ. ಮನುಷ್ಯರ ಮೈಕಟ್ಟನ್ನು ಮೂರು ಬಗೆಯಾಗಿ ವಿಂಗಡಿಸಿ ಅದರಿಂದಲೇ ಸ್ವಭಾವ ಹೇಳಲು ಹೊರಟಿದ್ದ ಆಸಾಮಿ ಇವನೇ. ಅವನು ತೀರಿಕೊಂಡ ಮೇಲೆ ಇನ್ನೊಂದು ಸಂಗತಿ ಬಯಲಾಯಿತು. ಅಮೆರಿಕದ ನಾಣ್ಯಶಾಸ್ತ್ರ ಸಂಘದ ಸಂಗ್ರಹದಲ್ಲಿ ತನ್ನ ಕೆಳದರ್ಜೆಯ ಸೆಂಟುಗಳನ್ನಿಟ್ಟು ಅಲ್ಲಿದ್ದ ಮೇಲ್ದರ್ಜೆಯವನ್ನು ಅವನು ಎತ್ತಿಕೊಂಡಿದ್ದನಂತೆ. ದರ್ಜೆ ಗುರುತಿಸುವ ಕಣ್ಣಂತೂ ಅವನಿಗೆ ಚೆನ್ನಾಗಿಯೇ ಇತ್ತು.

ಪರೀಕ್ಷಕರು ಮೊದಲು ನೋಡುವುದು ನಾಣ್ಯದ ಎತ್ತರದ ಜಾಗಗಳನ್ನು. ಬೆರಳು, ಜೇಬು, ಹುಂಡಿ, ಮೇಜು ಎಲ್ಲವೂ ಮೊದಲು ತಿಕ್ಕುವುದು ಉಬ್ಬಿದ್ದನ್ನೇ. ನಮ್ಮ ರೂಪಾಯಿಯಲ್ಲಾದರೆ ಸಿಂಹದ ಮೂಗು, ಕೇಸರ. ಐದನೆಯ ಜಾರ್ಜ್‌ನ ಬೆಳ್ಳಿ ರೂಪಾಯಿಯಲ್ಲಾದರೆ ದೊರೆಯ ನಿಲುವಂಗಿಯ ಮೇಲಿನ ಪುಟ್ಟ ಆನೆ. 1911ರ ಅಚ್ಚಿನಲ್ಲಿ ಆ ಆನೆಯ ಸೊಂಡಿಲು ಗಿಡ್ಡಾಗಿ ಹಂದಿಯಂತೆ ಕಂಡು, ಜನ ರೇಗಿ, ಮರುವರ್ಷವೇ ಸೊಂಡಿಲು ಉದ್ದವಾಯಿತು. ಬೆಳ್ಳಿ, ತಾಮ್ರ ಮೆತ್ತಗಿನ ಲೋಹಗಳಾದ್ದರಿಂದ ಅವುಗಳ ಸವೆತವನ್ನು ಹೀಗೆ ಓದಬಹುದು. ಆದರೆ ಈಗ ಚಿಲ್ಲರೆಯಲ್ಲಿ ಸಿಗುವುದು ಬಹುಪಾಲು ತುಕ್ಕುಹಿಡಿಯದ ಉಕ್ಕು. 1990ರ ದಶಕದ ಉಕ್ಕಿನ ರೂಪಾಯಿಯೊಂದು ಇಷ್ಟು ವರ್ಷ ಊರೂರು ಸುತ್ತಿಯೂ ಸಿಂಹದ ಮೂಗು ಉಳಿಸಿಕೊಂಡಿರುತ್ತದೆ. ಇತ್ತ ಹೊಚ್ಚಹೊಸ ನಾಣ್ಯ ಚೀಲದೊಳಗೆ ಒಡಹುಟ್ಟಿದವುಗಳ ಜೊತೆ ಗುದ್ದಾಡಿಕೊಂಡು, ಹೊರಬರುವ ಮುಂಚೆಯೇ ಮುಖ ಪರಚಿಕೊಂಡಿರುತ್ತದೆ. ಹಾಗಾಗಿ ಕೂತು ತಿಂದದ್ದಕ್ಕೆ ಅಂಕ ಕೊಡುವ ಏಣಿ ನಮ್ಮ ಉಕ್ಕಿನ ಮೇಲೆ ಆ ಕೆಲಸವನ್ನೂ ನೆಟ್ಟಗೆ ಮಾಡುವುದಿಲ್ಲ.

ಹಳೆಯದಾಗಿಯೂ ಹೊಸದರಂತಿರುವುದು ಅಪರೂಪ, ಅಪರೂಪಕ್ಕೆ ಬೆಲೆ ಹೆಚ್ಚು, ಇದರಲ್ಲಿ ತಕರಾರೇನು ಎಂದು ಕೇಳಬಹುದು. ಬೆಲೆಯ ಬಗ್ಗೆ ತಕರಾರಿಲ್ಲ. ಕೊಳ್ಳುವವರ ಕಾಸು, ಕೊಳ್ಳುವವರ ಖುಷಿ. ತಕರಾರಿರುವುದು ಆ ಅಪರೂಪವನ್ನು ನಾಣ್ಯದ ಗುಣವೆಂದು ಎಣಿಸುವುದರಲ್ಲಿ. ಎಲ್ಲ ನಾಣ್ಯಗಳೂ ಆ ಗುಣ ಬೆಳೆಸಿಕೊಂಡರೆ ಸಂತೆಯಲ್ಲಿ ಕೊತ್ತಂಬರಿ ಕಟ್ಟೂ ವ್ಯಾಪಾರವಾಗದು. ಹೊಸದಕ್ಕೇ ಮಣೆ ಹಾಕಿದರೆ ಏನಾಗುತ್ತದೆಂಬುದನ್ನು ಬಂಗಾಳ ಒಮ್ಮೆ ಕಂಡಿದೆ. ಅಲ್ಲಿ ಸಿಕ್ಕಾ ರೂಪಾಯಿಗೆ ಪೂರ್ಣ ಬೆಲೆ ಮೊದಲ ವರ್ಷ ಮಾತ್ರ. ವರ್ಷ ಹೊರಳಿದರೆ ಸರಾಫರು ಬಟ್ಟಾ ಮುರಿದುಕೊಳ್ಳುತ್ತಿದ್ದರು; ಸವೆದಿದೆಯೋ ಇಲ್ಲವೋ ನೋಡುವ ಗೋಜಿಲ್ಲ, ಇಸವಿ ಓದಿದರೆ ಸಾಕು. ಕಡೆಗೆ ಈಸ್ಟ್ ಇಂಡಿಯಾ ಕಂಪನಿ ಒಂದು ಉಪಾಯ ಹೂಡಿತು. ಯಾವ ವರ್ಷ ಅಚ್ಚಾದರೂ ನಾಣ್ಯದ ಮೇಲೆ ಬಾದಶಹ ಷಾ ಆಲಂನ ಆಳ್ವಿಕೆಯ 19ನೇ ವರ್ಷವೆಂದೇ ಒತ್ತಿಸತೊಡಗಿತು. ಬಾದಶಹ 1806ರಲ್ಲಿ ಕಣ್ಣು ಮುಚ್ಚಿದ. ರೂಪಾಯಿ ಮಾತ್ರ, ಅರವತ್ತರಲ್ಲೂ ಕಾಲೇಜು ಹುಡುಗನ ಪಾತ್ರ ಬಿಡದ ನಾಯಕನಟನಂತೆ, 19 ದಾಟಲಿಲ್ಲ.

ಹಾಗಾದರೆ ಪೂರ್ತಿ ಸವೆದು ಬೋಳು ಬಿಲ್ಲೆಯಾದದ್ದೇ ಶ್ರೇಷ್ಠವೋ ಎಂಬ ಕೊಂಕು ಪ್ರಶ್ನೆಯೂ ಬರುತ್ತದೆ. ಅಲ್ಲ. ದುಡಿಮೆಗೂ ಒಂದು ನಿವೃತ್ತಿ ಬೇಕು, ಅದನ್ನು ಕಾನೂನು ಹಿಂದೆಯೇ ಗೊತ್ತುಮಾಡಿತ್ತು. 1906ರ ನಾಣ್ಯ ಕಾಯಿದೆಯ ಪ್ರಕಾರ ಬೆಳ್ಳಿ ರೂಪಾಯಿ ತೂಕದಲ್ಲಿ ನೂರಕ್ಕೆ 2ರಷ್ಟು ಸವೆಯುವವರೆಗೆ ಮರ್ಯಾದೆಯಿಂದ ನಡೆಯುತ್ತಿತ್ತು. ಪೂರ್ಣ ತೂಕ 11.66 ಗ್ರಾಂ, ಅಂದರೆ ಕಾಲು ಗ್ರಾಮಿಗಿಂತ ತುಸು ಕಡಿಮೆ ಕಳೆದುಕೊಳ್ಳುವ ಸ್ವಾತಂತ್ರ್ಯ ಅದಕ್ಕಿತ್ತು. ಇನ್ನೂ ಹಿಂದೆ ಹೋದರೆ ಅರ್ಥಶಾಸ್ತ್ರದಲ್ಲಿ ರೂಪದರ್ಶಕನೆಂಬ ಅಧಿಕಾರಿ ಸಿಗುತ್ತಾನೆ. ನಾಣ್ಯಗಳಲ್ಲಿ ವ್ಯವಹಾರಕ್ಕೆ ಸಲ್ಲುವುದು ಯಾವುದು, ಬೊಕ್ಕಸಕ್ಕೆ ಸೇರತಕ್ಕದ್ದು ಯಾವುದು ಎಂದು ನಿಗದಿ ಮಾಡುವುದು ಅವನ ಕೆಲಸ. ಕೌಟಿಲ್ಯ ಎರಡು ಬಾಗಿಲು ಇಟ್ಟಿದ್ದ, ನಾವು ಒಂದೇ ಉಳಿಸಿಕೊಂಡೆವು ಎಂಬುದೇ ನನ್ನ ವಾದ. ಬೊಕ್ಕಸದ ಏಣಿ ಸಂಗ್ರಾಹಕರಿಗಿರಲಿ. ಚಿಲ್ಲರೆಗೆ ಬೇರೆ ಏಣಿ ಬೇಕು: ಮೌಲ್ಯ, ಇಸವಿ ಓದಲು ಬಂದರೆ, ಸವೆತ ಮೈತುಂಬ ಒಂದೇ ಸಮ ಹರಡಿದ್ದರೆ ಅದು ಉತ್ತಮ. ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ್ದು, ತೂತು ಕೊರೆದು ಸರಕ್ಕೆ ಪೋಣಿಸಿದ್ದು ಗಾಯಾಳುಗಳ ಪಟ್ಟಿಗೆ. ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಕಾಸನ್ನು ಮಾತ್ರ ಎರಡೂ ಏಣಿಗಳು ಒಟ್ಟಾಗಿ ಕೆಳಗಿಳಿಸುತ್ತವೆ, ಏಕೆಂದರೆ ಅದು ಬೊಕ್ಕಸಕ್ಕೂ ಸುಳ್ಳು ಹೇಳುತ್ತದೆ, ಸಂತೆಗೂ ಸುಳ್ಳು ಹೇಳುತ್ತದೆ.

ಅಂಗಡಿಯವರು, ಬಸ್ ಕಂಡಕ್ಟರುಗಳು ಈ ಎರಡನೆಯ ಏಣಿಯನ್ನು ಆಗಲೇ ಬಳಸುತ್ತಿದ್ದಾರೆ, ಅದೂ ಕಣ್ಣುಮಿಟುಕಿಸುವುದರೊಳಗೆ. ಅವರ ಕಣ್ಣಿಗೆ ಹೊಳಪೇ ಗುಮಾನಿ. ಎರಡು ಲೋಹದ 10 ರೂಪಾಯಿ ಪಟ್ಟ ಪಾಡು ನೆನೆಯಿರಿ. ಕಿರಣದಂಥ ಗೆರೆಗಳು 10 ಇದ್ದರೆ ಅಸಲಿ, 15 ಇದ್ದರೆ ನಕಲಿ ಎಂಬ ಗಾಳಿಸುದ್ದಿ ಎದ್ದು, ಜನ ಗೆರೆ ಎಣಿಸುತ್ತ ನಿಂತರು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ 14 ವಿನ್ಯಾಸಗಳೂ ಸಲ್ಲುತ್ತವೆ ಎಂದು ಪ್ರಕಟಿಸಬೇಕಾಯಿತು. ಪ್ರಕಟಣೆಯ ನಂತರವೂ ಆ ನಾಣ್ಯವನ್ನು ಹಿಂದಕ್ಕೆ ತಳ್ಳಿದ ಅಂಗಡಿಗಳಿದ್ದವು. ಯಾರೂ ಮುಟ್ಟದ ನಾಣ್ಯ ಸವೆಯುವುದಿಲ್ಲ, ಸವೆಯದ್ದನ್ನು ಯಾರೂ ನಂಬುವುದಿಲ್ಲ. ಸಂಗ್ರಾಹಕರಿಗಂತೂ ಇದು ಸುಗ್ಗಿ. ಎರಡೂ ಏಣಿಗೆ ಒಗ್ಗದ ಜಾತಿಯೊಂದಿದೆ: ಮುಯ್ಯಿ ಲಕೋಟೆಯ ಮೇಲೆ ಅಂಟಿಕೊಂಡೇ ಬರುವ 1 ರೂಪಾಯಿ. ಅದು ದುಡಿದದ್ದೂ ಇಲ್ಲ, ಬೆನ್ನಿಗೆ ಗೋಂದು ಮೆತ್ತಿಕೊಂಡದ್ದರಿಂದ ಮೀಸಲು ಮೆಟ್ಟಿಲೂ ತಪ್ಪಿತು. ಸದ್ಯಕ್ಕೆ ಉಗುರಿನಿಂದ ಕಿತ್ತು, ನೀರಲ್ಲಿ ನೆನೆಸಿ, ಹಾಲಿನಂಗಡಿಗೆ ಕಳಿಸುವುದೇ ಸರಿ. ದರ್ಜೆಯ ಮಾತು ಆಮೇಲೆ.